ಬೇಕು, ಬಹುದು, ಬಾರದು: ಇಂಗ್ಲಿಷಿನ ಮೋಡಲ್ ಕ್ರಿಯಾಪದಗಳ ವ್ಯವಸ್ಥೆ

ನಡೆದುದನ್ನು ನಡೆದಂತೆ ಹೇಳುವ ವಾಕ್ಯಗಳು ಪ್ರತಿಯೊಂದು ಭಾಷೆಯಲ್ಲಿಯೂ ಇವೆ. ಅವುಗಳ ಜೊತೆಗೆ, ಇನ್ನೂ ನಡೆಯದಿರುವ, ನಡೆಯಲೇಬೇಕಾದ, ನಡೆಯಬಹುದಾದ ಅಥವಾ ನಡೆಯಬಾರದ ಸಂಗತಿಗಳನ್ನು ಕುರಿತ ವಾಕ್ಯಗಳೂ ಇವೆ. ‘ಮಳೆ ಬರುತ್ತಿದೆ’ ಎಂಬ ಮಾತು ನಿಜವೋ ಸುಳ್ಳೋ ಎಂಬುದನ್ನು ಹೊರಗೆ ಇಣುಕಿ ನೋಡಿ ತೀರ್ಮಾನಿಸಬಹುದು, ಆದರೆ ‘ಮಳೆ ಬರಬಹುದು’, ‘ಮಳೆ ಬಂದಿರಬೇಕು’ ಎಂಬ ಮಾತುಗಳನ್ನು ಅಷ್ಟು ನೇರವಾಗಿ ಪರೀಕ್ಷಿಸಲು ಬರುವುದಿಲ್ಲ, ಏಕೆಂದರೆ ಅವು ಕಣ್ಣಿಗೆ ಕಾಣುವ ಸ್ಥಿತಿಗಿಂತ ಹೆಚ್ಚಾಗಿ, ತಿಳಿದಿರುವ ಸಂಗತಿಗಳಿಂದ ಏನನ್ನು ಊಹಿಸಬಹುದು ಎಂಬುದನ್ನು ಹೇಳುತ್ತವೆ. ಅನಿವಾರ್ಯತೆ, ಸಾಧ್ಯತೆ, ಅನುಮತಿ, ಸಾಮರ್ಥ್ಯ, ಊಹೆ ಇವೆಲ್ಲವನ್ನೂ ಒಳಗೊಂಡ ಈ ಅರ್ಥವಲಯವನ್ನು ಭಾಷಾವಿಜ್ಞಾನಿಗಳು ಮೊಡಾಲಿಟಿ ಎಂದು ಕರೆಯುತ್ತಾರೆ. ಕನ್ನಡ ಶಾಲೆಗಳಲ್ಲಿ ವ್ಯಾಕರಣ ಓದಿದವರಿಗೆ ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಕ್ರಿಯಾರೂಪಗಳ ಹೆಸರು ಪರಿಚಿತವಾಗಿರುವುದರಿಂದ ಈ ವಲಯ ಅವರಿಗೆ ಹೊಸದಲ್ಲ. ಇಂಗ್ಲಿಷ್ ಈ ಕೆಲಸದ ಬಹುಪಾಲನ್ನು ಒಂಬತ್ತು ಪುಟ್ಟ ಪದಗಳಿಗೆ ವಹಿಸಿದೆ: ಕ್ಯಾನ್, ಕುಡ್, ಮೇ, ಮೈಟ್, ಶ್ಯಾಲ್, ಶುಡ್, ವಿಲ್, ವುಡ್ ಮತ್ತು ಮಸ್ಟ್. ಮೋಡಲ್ ಕ್ರಿಯಾಪದಗಳೆಂಬ ಹೆಸರು ಮುಖ್ಯವಾಗಿ ಇವುಗಳಿಗೆ ಸಲ್ಲುತ್ತದೆ. ‘ಆಟ್ ಟು’, ‘ನೀಡ್’, ‘ಡೇರ್’ ಮುಂತಾದವು ಇದೇ ಗುಂಪಿನ ಅಂಚಿನಲ್ಲಿ ನಿಲ್ಲುತ್ತವೆ.

ಇಂಗ್ಲಿಷಿನ ಉಳಿದ ಕ್ರಿಯಾಪದಗಳ ಪಕ್ಕದಲ್ಲಿಟ್ಟು ನೋಡಿದರೆ ಈ ಒಂಬತ್ತರ ನಡವಳಿಕೆ ವಿಚಿತ್ರವಾಗಿ ಕಾಣುತ್ತದೆ. ‘ಹಿ ಗೋಸ್’ ಎನ್ನುವ ಭಾಷೆಯಲ್ಲಿ ‘ಹಿ ಕ್ಯಾನ್ಸ್’ ಎನ್ನುವಂತಿಲ್ಲ. ‘ವಾಂಟ್ ಟು ಗೋ’ ಸರಿಯಾದರೂ ‘ಕ್ಯಾನ್ ಟು ಗೋ’ ತಪ್ಪು. ಪ್ರಶ್ನೆ ಕೇಳುವಾಗ ಅಥವಾ ನಿಷೇಧ ಹೇಳುವಾಗ ಬೇರೆ ಕ್ರಿಯಾಪದಗಳಿಗೆ ‘ಡು’ ಎಂಬ ಸಹಾಯಕ್ರಿಯೆ ಬೇಕಾಗುತ್ತದೆ, ಇವುಗಳಿಗೆ ಬೇಕಾಗುವುದಿಲ್ಲ. ಎರಡು ಮೋಡಲ್‌ಗಳನ್ನು ಒಟ್ಟಿಗೆ ಇಡುವುದೂ ಶಿಷ್ಟ ಇಂಗ್ಲಿಷಿನಲ್ಲಿ ನಿಷಿದ್ಧವಾದುದರಿಂದ ‘ನಾಳೆ ನನಗೆ ಬರಲು ಸಾಧ್ಯವಾಗುತ್ತದೆ’ ಎಂಬುದನ್ನು ಹೇಳಲು ‘ವಿಲ್ ಕ್ಯಾನ್’ ಎನ್ನದೆ ‘ವಿಲ್ ಬಿ ಏಬಲ್ ಟು’ ಎಂದು ಸುತ್ತಿ ಬರಬೇಕಾಗುತ್ತದೆ, ಆದರೂ ಸ್ಕಾಟ್ಲೆಂಡಿನ ಮತ್ತು ಅಮೆರಿಕದ ದಕ್ಷಿಣ ಭಾಗದ ಆಡುಮಾತಿನಲ್ಲಿ ‘ಮೈಟ್ ಕುಡ್’ ಎಂಬಂಥ ಜೋಡಿಗಳು ಇಂದಿಗೂ ಸಹಜವಾಗಿ ಬಳಕೆಯಲ್ಲಿವೆ. ಶಾಲೆಯ ವ್ಯಾಕರಣ ಪುಸ್ತಕಗಳು ಇವನ್ನೆಲ್ಲ ಬಾಯಿಪಾಠ ಮಾಡಬೇಕಾದ ವಿನಾಯಿತಿಗಳೆಂದು ಮುಂದಿಡುತ್ತವೆ, ಮತ್ತು ಅದು ವಿದ್ಯಾರ್ಥಿಗಳಿಗೆ ಮಾಡುವ ದೊಡ್ಡ ಅನ್ಯಾಯ. ಇವು ವಿನಾಯಿತಿಗಳಾದುದಕ್ಕೆ ಕಾರಣವಿದೆ, ಆ ಕಾರಣ ತಿಳಿದರೆ ನಿಯಮವೂ ಮನಸ್ಸಿನಲ್ಲಿ ಉಳಿಯುತ್ತದೆ.

ಆ ಕಾರಣವನ್ನು ಹುಡುಕಲು ಇಂಗ್ಲಿಷಿನ ಪೂರ್ವಜ ಭಾಷೆಗಳಾದ ಜರ್ಮಾನಿಕ್ ಭಾಷೆಗಳ ಕಾಲಕ್ಕೆ ಹೋಗಬೇಕು. ಅಲ್ಲಿ ಕೆಲವು ಕ್ರಿಯಾಪದಗಳ ಭೂತಕಾಲದ ರೂಪ ಕ್ರಮೇಣ ವರ್ತಮಾನದ ಅರ್ಥವನ್ನು ತಳೆದು, ಹಳೆಯ ವರ್ತಮಾನ ರೂಪ ಬಳಕೆಯಿಂದ ಬಿದ್ದುಹೋಯಿತು. ಭೂತರೂಪ ಹೀಗೆ ವರ್ತಮಾನದ ಅರ್ಥ ಪಡೆಯುವುದು ಸಂಸ್ಕೃತ ಬಲ್ಲವರಿಗೆ ಅಪರಿಚಿತವಲ್ಲ: ‘ವಿದ್’ ಧಾತುವಿನ ‘ವೇದ’ ಎಂಬ ರೂಪ ಆಕಾರದಲ್ಲಿ ಪರೋಕ್ಷ ಭೂತಕ್ಕೆ ಸೇರಿದ್ದರೂ ಅದರ ಅರ್ಥ ‘ತಿಳಿದಿದ್ದಾನೆ’ ಎಂಬ ವರ್ತಮಾನವೇ ಆಗಿದೆ, ಮತ್ತು ಪಾಣಿನಿ ಈ ವಿಶೇಷವನ್ನು ಗಮನಿಸಿ ಅದಕ್ಕೆಂದೇ ಪ್ರತ್ಯೇಕ ಸೂತ್ರ ಬರೆದಿದ್ದಾನೆ. ಕಂಡದ್ದು ಮುಗಿದ ಕ್ರಿಯೆ, ಅದರ ಫಲವಾಗಿ ತಿಳಿದಿರುವುದು ಈಗಿನ ಸ್ಥಿತಿ ಎಂಬುದು ಇದರ ಹಿಂದಿನ ತರ್ಕ. ಹಳೆಯ ಇಂಗ್ಲಿಷಿನಲ್ಲಿ ಇದೇ ಮೂಲದ ‘ವಾಟ್’ ಎಂಬ ರೂಪ ಇದೇ ಅರ್ಥದಲ್ಲಿತ್ತು, ಮತ್ತು ಕ್ಯಾನ್, ಮೇ, ಶ್ಯಾಲ್, ಮಸ್ಟ್‌ಗಳ ಪೂರ್ವರೂಪಗಳು ಅದೇ ಗುಂಪಿಗೆ ಸೇರಿದ್ದವು. ಭೂತಕಾಲದ ಏಕವಚನದಲ್ಲಿ ಪ್ರಥಮಪುರುಷಕ್ಕೆ ಬೇರೆ ಪ್ರತ್ಯಯವಿರಲಿಲ್ಲವಾದ್ದರಿಂದಲೇ ಇಂದಿಗೂ ‘ಹಿ ಕ್ಯಾನ್’ ಎಂಬುದಕ್ಕೆ ಕೊನೆಯ ಸಕಾರ ಸೇರುವುದಿಲ್ಲ. ‘ವಿಲ್’ ಮಾತ್ರ ಹುಟ್ಟಿನಿಂದ ಈ ಗುಂಪಿನದಲ್ಲ. ಅದು ಇಚ್ಛೆಯನ್ನು ಸೂಚಿಸುವ ಬೇರೊಂದು ರೂಪದಿಂದ ಬಂದು, ಅದಕ್ಕೂ ಅಂಥ ಪ್ರತ್ಯಯವಿಲ್ಲದ್ದರಿಂದ ಇವುಗಳ ಜೊತೆ ಸೇರಿಕೊಂಡಿತು.

ಅರ್ಥದ ಚರಿತ್ರೆ ಇನ್ನೂ ಸ್ವಾರಸ್ಯಕರವಾದುದು. ‘ಕ್ಯಾನ್’ ಮೊದಲು ‘ತಿಳಿದಿರು’ ಎಂಬ ಅರ್ಥದ ಪದವಾಗಿತ್ತು, ಸಂಸ್ಕೃತದ ‘ಜ್ಞಾ’ ಧಾತುವಿಗೆ ದೂರದ ಬಂಧುವಾದ ಅದು ತಿಳಿವಿನಿಂದ ಸಾಮರ್ಥ್ಯದ ಕಡೆಗೂ, ಸಾಮರ್ಥ್ಯದಿಂದ ಸಾಧ್ಯತೆ ಮತ್ತು ಅನುಮತಿಗಳ ಕಡೆಗೂ ಸರಿಯಿತು. ಯಾವ ಸಂಬಂಧವೂ ಇಲ್ಲದ ದ್ರಾವಿಡ ಭಾಷೆಯಾದ ಕನ್ನಡದಲ್ಲಿಯೂ ಇದೇ ದಾರಿ ಸವೆದಿದೆ ಎಂಬುದು ಗಮನಾರ್ಹ: ‘ಅವಳು ಸಂಸ್ಕೃತ ಬಲ್ಲಳು’ ಎಂಬಲ್ಲಿ ತಿಳಿವು, ‘ಅವಳು ಈಜಬಲ್ಲಳು’ ಎಂಬಲ್ಲಿ ಸಾಮರ್ಥ್ಯ. ‘ಮೇ’ ಹಿಂದೆ ಬಲ, ಶಕ್ತಿಗಳನ್ನು ಹೇಳುತ್ತಿದ್ದು, ಆ ಕೆಲಸವನ್ನು ‘ಕ್ಯಾನ್’ ವಹಿಸಿಕೊಂಡಂತೆ ಅನುಮತಿ ಮತ್ತು ಸಂಭವನೀಯತೆಗಳಿಗೆ ಸೀಮಿತವಾಯಿತು. ‘ಶ್ಯಾಲ್’ ಎಂದರೆ ಸಾಲ ತೀರಿಸಬೇಕಾಗಿರುವುದು. ಜರ್ಮನ್ ಭಾಷೆಯಲ್ಲಿ ಸಾಲ, ತಪ್ಪು ಎರಡನ್ನೂ ಹೇಳುವ ‘ಶುಲ್ಟ್’ ಎಂಬ ಪದ ಇದರ ಸೋದರ. ಎಲ್ಲಕ್ಕಿಂತ ಅಚ್ಚರಿಯ ಪಯಣ ‘ಮಸ್ಟ್’ ಪದದ್ದು. ಅದರ ಮೂಲ ಕ್ರಿಯಾಪದ ಅನುಮತಿಯನ್ನು ಸೂಚಿಸುತ್ತಿತ್ತು, ಇಂದು ಬಳಕೆಯಲ್ಲಿರುವುದು ಆ ಕ್ರಿಯಾಪದದ ಭೂತರೂಪ, ಹೇಳುವ ಅರ್ಥ ಮಾತ್ರ ವರ್ತಮಾನದ ಕಡ್ಡಾಯ. ತಾನೇ ಭೂತರೂಪವಾಗಿರುವ ಪದಕ್ಕೆ ಮತ್ತೊಂದು ಭೂತರೂಪ ಹುಟ್ಟಲಿಲ್ಲ, ಆ ಕೊರತೆಯನ್ನು ತುಂಬಲು ‘ಹ್ಯಾಡ್ ಟು’ ಎಂಬ ಎರವಲು ರೂಪ ಬೇಕಾಯಿತು. ‘ಕುಡ್’ ಪದದ ಬರಹದಲ್ಲಿರುವ, ಉಚ್ಚಾರದಲ್ಲಿಲ್ಲದ ಎಲ್ ಅಕ್ಷರಕ್ಕೂ ಇತಿಹಾಸವಿದೆ: ‘ಶುಡ್’, ‘ವುಡ್’ಗಳಲ್ಲಿ ಆ ಅಕ್ಷರ ಮೂಲದಿಂದಲೇ ಇತ್ತು, ಅವುಗಳನ್ನು ನೋಡಿ ‘ಕುಡ್’ಗೂ ಅದನ್ನು ಸೇರಿಸಲಾಯಿತು.

ಒಂದು ಕಾಲದಲ್ಲಿ ಇವು ಸಾಮಾನ್ಯ ಕ್ರಿಯಾಪದಗಳಂತೆಯೇ ಕರ್ಮಪದವನ್ನು ಪಡೆಯುತ್ತಿದ್ದವು, ಒಂದರ ಹಿಂದೆ ಇನ್ನೊಂದು ಬರುತ್ತಿದ್ದವು. ಅಂಥ ಬಳಕೆಗಳು ಕ್ರಮೇಣ ಮರೆಯಾಗಿ, ಇಂಗ್ಲಿಷ್ ಮಾತಾಡುವವರ ಮನಸ್ಸಿನಲ್ಲಿ ಇವು ಬೇರೆಯೇ ಒಂದು ಪದವರ್ಗವೆಂದು ನೆಲೆಯಾದದ್ದು 16ನೇ ಶತಮಾನದಲ್ಲಿ ಎಂದು ಭಾಷಾವಿಜ್ಞಾನಿ ಡೇವಿಡ್ ಲೈಟ್‌ಫುಟ್ 1979ರಲ್ಲಿ ವಾದಿಸಿದರು. ಬದಲಾವಣೆ ಅಷ್ಟು ಹಠಾತ್ತಾಗಿ ನಡೆಯಲಿಲ್ಲ, ಒಂದೊಂದು ಪದ ಒಂದೊಂದು ವೇಗದಲ್ಲಿ ಸರಿಯಿತು ಎಂದು ಬೇರೆ ವಿದ್ವಾಂಸರು ಅವರನ್ನು ತಿದ್ದಿದ್ದಾರೆ, ಆದರೆ ಹೊಸ ವರ್ಗವೊಂದು ಹುಟ್ಟಿತೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ರೂಪದ ವಿಷಯ ಇಷ್ಟಾದರೆ, ಅರ್ಥದ ವಿಷಯದಲ್ಲಿ ಕಲಿಯುವವರನ್ನು ಕಾಡುವ ತೊಡಕು ಬೇರೆಯದು. ‘ಹಿ ಮಸ್ಟ್ ಬಿ ಇನ್ ದಿ ಆಫೀಸ್’ ಎಂಬ ವಾಕ್ಯಕ್ಕೆ ಎರಡು ಅರ್ಥಗಳಿವೆ. ಹತ್ತು ಗಂಟೆಗೆ ಕಚೇರಿಯಲ್ಲಿರುವುದು ಅವನ ಕರ್ತವ್ಯ ಎಂಬುದು ಒಂದು. ಮನೆಯಲ್ಲಿಲ್ಲ, ಸ್ಕೂಟರ್ ಕಾಣುತ್ತಿಲ್ಲ, ಆದ್ದರಿಂದ ಕಚೇರಿಯಲ್ಲಿಯೇ ಇದ್ದಾನೆಂದು ಊಹಿಸಬೇಕಾಗಿದೆ ಎಂಬುದು ಇನ್ನೊಂದು. ಕನ್ನಡದ ‘ಅವನು ಆಫೀಸಿನಲ್ಲಿ ಇರಬೇಕು’ ಎಂಬ ವಾಕ್ಯ ಈ ಎರಡೂ ಅರ್ಥಗಳನ್ನು ಅದೇ ರೀತಿ ಹೊತ್ತಿದೆ. ‘ಹೋಗಬಹುದು’ ಎಂಬುದೂ ಅಷ್ಟೇ: ‘ನೀನಿನ್ನು ಹೋಗಬಹುದು’ ಎಂಬಲ್ಲಿ ಅನುಮತಿ, ‘ಕರೆಂಟು ಹೋಗಬಹುದು’ ಎಂಬಲ್ಲಿ ಸಂಭವ. ಇನ್ನೂ ಒಂದು ಸಾಮ್ಯವಿದೆ. ‘ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು’ ಎನ್ನುವಾಗ ಲಿಂಗ, ವಚನ, ಪುರುಷಗಳಿಗೆ ತಕ್ಕಂತೆ ಬದಲಾಗುವ ಕನ್ನಡ ಕ್ರಿಯಾಪದದ ಸ್ವಭಾವ ಇಲ್ಲಿ ಮಾಯವಾಗಿರುತ್ತದೆ. ಕನ್ನಡದ ಮಗು ಮನೆಯಲ್ಲೇ ಅರಗಿಸಿಕೊಂಡಿರುವ ಈ ತಿಳಿವನ್ನು ಇಂಗ್ಲಿಷ್ ತರಗತಿ ಬಳಸಿಕೊಳ್ಳುವುದು ಅಪರೂಪ. ‘ಮೇ ಎಂದರೆ ಬಹುದು, ಕ್ಯಾನ್ ಎಂದರೂ ಬಹುದು’ ಎಂಬ ಪಟ್ಟಿಯನ್ನು ಕೊಟ್ಟು ಪಾಠ ಮುಗಿಸಲಾಗುತ್ತದೆ.

ಒಂದೇ ಪದ ಇಷ್ಟು ದೂರದ ಅರ್ಥಗಳನ್ನು ಹೇಗೆ ಹೊರುತ್ತದೆ ಎಂಬ ಪ್ರಶ್ನೆಗೆ ಉತ್ತರ ಬಂದದ್ದು ತರ್ಕಶಾಸ್ತ್ರದ ದಿಕ್ಕಿನಿಂದ. ಅನಿವಾರ್ಯತೆ ಮತ್ತು ಸಾಧ್ಯತೆಗಳು ನಿಷೇಧದ ಮೂಲಕ ಒಂದಕ್ಕೊಂದು ಹೆಣೆದುಕೊಂಡಿವೆ, ಅಂದರೆ ‘ಆಗಲೇಬೇಕು’ ಎನ್ನುವುದಕ್ಕೂ ‘ಆಗದಿರಲು ಸಾಧ್ಯವಿಲ್ಲ’ ಎನ್ನುವುದಕ್ಕೂ ಅರ್ಥ ಒಂದೇ ಎಂಬ ತಿಳಿವು ಅರಿಸ್ಟಾಟಲ್‌ನಷ್ಟು ಹಳೆಯದು. 1951ರಲ್ಲಿ ಫಿನ್ಲೆಂಡಿನ ತತ್ತ್ವಜ್ಞಾನಿ ಯೋರ್ಗ್ ಹೆನ್ರಿಕ್ ಫಾನ್ ರಿಕ್ಟ್, ಕರ್ತವ್ಯ ಮತ್ತು ಅನುಮತಿಗಳ ನಡುವೆ, ಹಾಗೆಯೇ ಖಚಿತ ತಿಳಿವು ಮತ್ತು ಊಹೆಗಳ ನಡುವೆ ಇದೇ ಬಗೆಯ ಸಂಬಂಧವಿದೆಯೆಂದು ತೋರಿಸಿದರು. ಜರ್ಮನಿಯ ಆಂಜೆಲಿಕಾ ಕ್ರಾಟ್ಸರ್ 1977ರಲ್ಲಿ ಪ್ರಕಟಿಸಿದ ಪ್ರಬಂಧ ಈ ತರ್ಕವನ್ನು ಸಹಜ ಭಾಷೆಗೆ ಸುಂದರವಾಗಿ ಹೊಂದಿಸಿತು. ಅವರ ಪ್ರಕಾರ ‘ಮಸ್ಟ್’ ಪದಕ್ಕೆ ಹಲವು ಅರ್ಥಗಳಿಲ್ಲ, ಇರುವುದು ‘ಇದನ್ನು ಗಮನದಲ್ಲಿಟ್ಟರೆ ಅದು ಅನಿವಾರ್ಯ’ ಎಂಬ ಒಂದೇ ಅರ್ಥ. ‘ಇದು’ ಎಂಬ ಜಾಗದಲ್ಲಿ ಕಚೇರಿಯ ನಿಯಮವನ್ನು ಇಟ್ಟರೆ ಕರ್ತವ್ಯವೂ, ಸಿಕ್ಕಿರುವ ಸುಳಿವುಗಳನ್ನು ಇಟ್ಟರೆ ಊಹೆಯೂ ಹೊಮ್ಮುತ್ತದೆ. ‘ಕ್ಯಾನ್’ ಮತ್ತು ‘ಮೇ’ಗಳು ಅದೇ ಹಿನ್ನೆಲೆಗಳ ಮೇಲೆ ಸಾಧ್ಯತೆಯನ್ನು ಹೇಳುತ್ತವೆ. ಆದ್ದರಿಂದ ಯಾವ ಮೋಡಲ್ ವಾಕ್ಯ ಎದುರಾದರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡೇ: ಮಾತಿನ ಬಲ ಎಷ್ಟು, ಮತ್ತು ಆ ಬಲ ಯಾವ ಹಿನ್ನೆಲೆಯಿಂದ ಬಂದಿದೆ? ಹತ್ತಾರು ಅರ್ಥಗಳ ಪಟ್ಟಿಗಿಂತ ಈ ಎರಡು ಪ್ರಶ್ನೆಗಳು ಓದುಗನಿಗೆ ಹೆಚ್ಚು ನೆರವಾಗುತ್ತವೆ.

ಊಹೆಯ ವಾಕ್ಯಗಳಲ್ಲಿ ಬಲದ ಏರಿಳಿತ ಸ್ಪಷ್ಟವಾಗಿ ಕಾಣುತ್ತದೆ: ‘ಮಸ್ಟ್’ ಎಲ್ಲಕ್ಕಿಂತ ಗಟ್ಟಿ, ‘ಶುಡ್’ ನಿರೀಕ್ಷೆಯ ಮಟ್ಟದ್ದು, ‘ಮೇ’, ‘ಮೈಟ್’, ‘ಕುಡ್’ಗಳು ಬರಿಯ ಸಂಭವವನ್ನು ಹೇಳುವಂಥವು. ಆದರೆ ಎಷ್ಟೇ ಗಟ್ಟಿಯಾದ ‘ಮಸ್ಟ್’ ಕೂಡ ಸಾಮಾನ್ಯ ವಾಕ್ಯದ ಮುಂದೆ ಮೆತ್ತಗೆ ಕೇಳಿಸುತ್ತದೆ. ಕಿಟಕಿಯಲ್ಲಿ ನಿಂತು ಮಳೆಯನ್ನು ನೋಡುತ್ತಿರುವವನು ‘ಮಳೆ ಬರುತ್ತಿದೆ’ ಎನ್ನುತ್ತಾನೆ; ಒದ್ದೆ ಕೊಡೆ ಹಿಡಿದು ಒಳಬಂದವರನ್ನು ಕಂಡವನು ಮಾತ್ರ ‘ಮಳೆ ಬರುತ್ತಿರಬೇಕು’ ಎನ್ನುತ್ತಾನೆ. ತರ್ಕದ ಪ್ರಕಾರ ಅನಿವಾರ್ಯವಾದುದು ಬರಿಯ ಸತ್ಯಕ್ಕಿಂತ ಬಲವಾಗಿರಬೇಕು, ಭಾಷೆಯಲ್ಲಿ ಏಕೆ ತಲೆಕೆಳಗಾಗಿದೆ ಎಂಬ ಒಗಟನ್ನು ಲೌರಿ ಕಾರ್ಟುನೆನ್ 1972ರಲ್ಲಿಯೇ ಎತ್ತಿದ್ದರು. ‘ಮಸ್ಟ್’ ದುರ್ಬಲವಲ್ಲ, ವಿಷಯ ನೇರವಾಗಿ ಕಂಡದ್ದಲ್ಲ, ಊಹಿಸಿ ತಿಳಿದದ್ದು ಎಂಬ ಸೂಚನೆ ಅದರಲ್ಲಿ ಸೇರಿದೆ, ಅಷ್ಟೇ ಎಂದು ಕಾಯ್ ಫಾನ್ ಫಿಂಟೆಲ್ ಮತ್ತು ಆಂಟನಿ ಗಿಲ್ಲೀಸ್ 2010ರಲ್ಲಿ ವಾದಿಸಿದರು. ಚರ್ಚೆ ಮುಗಿದಿಲ್ಲವಾದರೂ, ಕನ್ನಡದ ‘ಇರಬೇಕು’ ಎಂಬುದರ ಬಳಕೆಯನ್ನು ಗಮನಿಸಿದರೆ ಅವರ ವಾದದ ಕಡೆಗೇ ಮನಸ್ಸು ವಾಲುತ್ತದೆ.

ನಿಷೇಧದ ಜಾಗದಲ್ಲಿ ಮೋಡಲ್‌ಗಳು ನಿಜಕ್ಕೂ ಅಪಾಯಕಾರಿಯಾಗುತ್ತವೆ, ಏಕೆಂದರೆ ‘ನಾಟ್’ ಎಂಬ ಪದ ಮೋಡಲ್ ಪದವನ್ನೇ ನಿಷೇಧಿಸುತ್ತಿದೆಯೋ, ಅದರ ಮುಂದಿರುವ ಕ್ರಿಯೆಯನ್ನು ನಿಷೇಧಿಸುತ್ತಿದೆಯೋ ಎಂಬುದು ಪದಗಳ ಕ್ರಮದಿಂದ ಗೊತ್ತಾಗುವುದಿಲ್ಲ. ‘ಯು ಮಸ್ಟ್ ನಾಟ್ ಗೋ’ ಎಂದರೆ ಹೋಗಬಾರದು. ಹೋಗಬೇಕಾಗಿಲ್ಲ ಎಂದು ಹೇಳಲು ‘ಯು ನೀಡ್ ನಾಟ್ ಗೋ’ ಅಥವಾ ‘ಯು ಡೋಂಟ್ ಹ್ಯಾವ್ ಟು ಗೋ’ ಎನ್ನಬೇಕು. ಜರ್ಮನ್ ಭಾಷೆಯಲ್ಲಿ ‘ಮಸ್ಟ್’ನ ಸೋದರ ಪದಕ್ಕೆ ನಿಷೇಧ ಸೇರಿದರೆ ‘ಹೋಗಬೇಕಾಗಿಲ್ಲ’ ಎಂಬ ಅರ್ಥ ಬರುವುದರಿಂದ, ಇಷ್ಟು ಹತ್ತಿರದ ಭಾಷೆಯವರೂ ಇಲ್ಲಿ ಎಡವುತ್ತಾರೆ. ಕನ್ನಡಕ್ಕೆ ಇಲ್ಲಿ ದೊಡ್ಡ ಅನುಕೂಲವಿದೆ: ‘ಹೋಗಬಾರದು’, ‘ಹೋಗಬೇಡ’, ‘ಹೋಗಬೇಕಾಗಿಲ್ಲ’, ‘ಹೋಗಲಾರ’ ಎಂಬ ರೂಪಗಳು ಬೇರೆಬೇರೆಯಾಗಿದ್ದು, ಗೊಂದಲಕ್ಕೆ ಎಡೆಯೇ ಇಲ್ಲ. ಇಂಗ್ಲಿಷ್ ಬರೆಯುವ ಮೊದಲು ಇವುಗಳಲ್ಲಿ ಯಾವುದು ಉದ್ದೇಶವೆಂದು ಕನ್ನಡದಲ್ಲಿ ಯೋಚಿಸುವವರು ತಪ್ಪುವುದು ಕಡಿಮೆ. ‘ಮೇ ನಾಟ್’ ಎಂಬ ಜೋಡಿಯಂತೂ ಅನುಮತಿಯಿಲ್ಲ ಎಂಬುದನ್ನೂ, ಆಗದಿರುವ ಸಂಭವವಿದೆ ಎಂಬುದನ್ನೂ ಹೇಳಬಲ್ಲದಾದ್ದರಿಂದ ಸೂಚನಾಫಲಕಗಳಲ್ಲಿ, ಸುತ್ತೋಲೆಗಳಲ್ಲಿ ಅದನ್ನು ಬಳಸದಿರುವುದೇ ಕ್ಷೇಮ. ಊಹೆಯಲ್ಲಿ ‘ಮಸ್ಟ್’ನ ಎದುರುಪದವಾಗಿ ಬರುವುದು ಸಾಮಾನ್ಯವಾಗಿ ‘ಕಾಂಟ್’: ‘ಅವನು ಕಚೇರಿಯಲ್ಲಿ ಇರಲು ಸಾಧ್ಯವೇ ಇಲ್ಲ’ ಎಂಬುದು ‘ಹಿ ಕಾಂಟ್ ಬಿ ಇನ್ ದಿ ಆಫೀಸ್’ ಎಂದಾಗುತ್ತದೆ.

ಭೂತಕಾಲಕ್ಕೆ ಬಂದಾಗ ಕನ್ನಡ ಮತ್ತೆ ದಾರಿ ತೋರಿಸುತ್ತದೆ. ‘ಹೋಗಬೇಕಾಯಿತು’ ಎಂದರೆ ಒತ್ತಾಯಕ್ಕೆ ಸಿಕ್ಕಿ ಹೋದದ್ದಾಗಿದೆ, ಇಂಗ್ಲಿಷಿನಲ್ಲಿ ಅದು ‘ಹ್ಯಾಡ್ ಟು ಗೋ’. ‘ಹೋಗಬೇಕಿತ್ತು’ ಎಂಬುದು ಸಾಮಾನ್ಯವಾಗಿ ಹೋಗದೆ ಉಳಿದುದರ ಬಗೆಗಿನ ಮಾತು, ಅದು ‘ಶುಡ್ ಹ್ಯಾವ್ ಗಾನ್’. ‘ಹೋಗಿರಬೇಕು’ ಎಂಬುದು ಊಹೆ, ಅದು ‘ಮಸ್ಟ್ ಹ್ಯಾವ್ ಗಾನ್’. ಈ ಮೂರನ್ನು ಕಲಸಿಬಿಟ್ಟರೆ ದೂರು ಊಹೆಯಾಗಿ, ಊಹೆ ಘಟನೆಯಾಗಿ ಓದುಗನನ್ನು ತಲುಪುತ್ತದೆ. ‘ಕುಡ್’ ಬಳಸುವಾಗಲೂ ಎಚ್ಚರ ಬೇಕು: ಚಿಕ್ಕಂದಿನಲ್ಲಿ ಮರ ಹತ್ತುವ ಸಾಮರ್ಥ್ಯವಿತ್ತು ಎನ್ನಲು ‘ಕುಡ್’ ಸರಿ, ಆದರೆ ನಿನ್ನೆ ಓಡಿಹೋಗಿ ಬಸ್ಸು ಹಿಡಿಯಲು ಸಾಧ್ಯವಾಯಿತು ಎಂಬ ಒಂದೇ ಸಲದ ಯಶಸ್ಸಿಗೆ ‘ವಾಸ್ ಏಬಲ್ ಟು’ ಅಥವಾ ‘ಮ್ಯಾನೇಜ್ಡ್ ಟು’ ಬೇಕು.

ಕುಡ್, ವುಡ್‌ಗಳಿಗೆ ಭೂತಕಾಲದ ಹೊರಗೂ ಕೆಲಸವಿದೆ. ಭೂತರೂಪ ಕಾಲದ ದೂರವನ್ನು ಹೇಳುವಂತೆಯೇ ವಾಸ್ತವದಿಂದ ದೂರವನ್ನೂ, ಮಾತಾಡುವವರ ನಡುವಿನ ಗೌರವದ ಅಂತರವನ್ನೂ ಸೂಚಿಸಬಲ್ಲದು, ಆದ್ದರಿಂದಲೇ ‘ಕ್ಯಾನ್ ಯು’ ಎಂಬುದಕ್ಕಿಂತ ‘ಕುಡ್ ಯು’ ವಿನಯದ್ದು. ‘ಸಾರ್, ಒಂದು ಸಹಿ ಬೇಕಿತ್ತು’ ಎಂದು ಕೇಳುವ ಕನ್ನಡಿಗ, ಸಹಿ ಬೇಕಾಗಿರುವುದು ಈಗಲೇ ಆದರೂ ಭೂತರೂಪವನ್ನು ಬಳಸಿ ಮಾತನ್ನು ಮೆತ್ತಗಾಗಿಸುವುದು ಇದೇ ತತ್ತ್ವದಿಂದ. ಭಾರತೀಯ ಇಂಗ್ಲಿಷಿನಲ್ಲಿ ‘ವಿಲ್’ ಬರಬೇಕಾದ ಕಡೆಗಳಲ್ಲಿ ‘ವುಡ್’ ಧಾರಾಳವಾಗಿ ಬರುವುದಕ್ಕೆ ಈ ವಿನಯದ ಒಲವೂ ಕಾರಣವಿರಬಹುದು. ಆದರೆ ‘ದಿ ಮೀಟಿಂಗ್ ವುಡ್ ಬಿ ಹೆಲ್ಡ್ ಟುಮಾರೊ’ ಎಂದು ಓದಿದ ಹೊರದೇಶದವರು ಸಭೆ ನಡೆಯಲು ಯಾವುದೋ ಷರತ್ತಿದೆಯೆಂದು ಭಾವಿಸುವ ಸಂಭವವಿದೆ.

ಈ ಪದಗಳ ಬಳಕೆ ಸ್ಥಿರವಾಗಿಯೂ ಉಳಿದಿಲ್ಲ. ಅನಂತವನ್ನು ಸೂಚಿಸುವ ಗಣಿತಚಿಹ್ನೆಯನ್ನು ಬಳಕೆಗೆ ತಂದ ಜಾನ್ ವಾಲಿಸ್, 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ, ‘ನಾನು, ನಾವು’ ಎಂಬ ಕರ್ತೃಗಳಿಗೆ ಮುಂದಾಗುವುದನ್ನು ‘ಶ್ಯಾಲ್’ನಿಂದಲೂ ಉಳಿದವಕ್ಕೆ ‘ವಿಲ್’ನಿಂದಲೂ ಹೇಳಬೇಕೆಂಬ ನಿಯಮವನ್ನು ನಿರೂಪಿಸಿದರು. ಭಾರತದ ಶಾಲೆಗಳು ಶ್ರದ್ಧೆಯಿಂದ ಕಲಿಸಿದ ಆ ನಿಯಮವನ್ನು ಇಂದಿನ ಇಂಗ್ಲಿಷ್ ಬಹುಮಟ್ಟಿಗೆ ಕೈಬಿಟ್ಟಿದೆ. 1961ರ ಅಮೆರಿಕನ್ ಮತ್ತು ಬ್ರಿಟಿಷ್ ಬರಹಗಳಿಂದ ಆಯ್ದ ಹತ್ತು ಹತ್ತು ಲಕ್ಷ ಪದಗಳ ಸಂಗ್ರಹಗಳನ್ನು, ಅದೇ ಮಾದರಿಯಲ್ಲಿ 1991–92ರ ಬರಹಗಳಿಂದ ಕಟ್ಟಿದ ಸಂಗ್ರಹಗಳ ಜೊತೆ ಹೋಲಿಸಿದ ಜೆಫ್ರಿ ಲೀಚ್, ಮೂವತ್ತು ವರ್ಷಗಳಲ್ಲಿ ಮೋಡಲ್‌ಗಳ ಒಟ್ಟು ಬಳಕೆ ಸುಮಾರು ಶೇ. 10ರಷ್ಟು ಇಳಿದಿರುವುದನ್ನು ಕಂಡರು. ಲೀಚ್ ಅವರ ಲೆಕ್ಕದಲ್ಲಿ ಹೆಚ್ಚು ಕುಸಿದವು ‘ಶ್ಯಾಲ್’ ಮತ್ತು ‘ಮಸ್ಟ್’; ‘ಕ್ಯಾನ್’ ಹೆಚ್ಚುಕಡಿಮೆ ಇದ್ದಲ್ಲಿಯೇ ಇತ್ತು; ಬ್ರಿಟಿಷ್ ಬರವಣಿಗೆಯಲ್ಲಿ ‘ನೀಡ್ ಟು’ ಮೂರು ಪಟ್ಟಿಗೂ ಮೀರಿ ಬೆಳೆದಿತ್ತು. ‘ಮಸ್ಟ್’ ಹೇಳುವವನ ಅಧಿಕಾರವನ್ನು ಎದ್ದು ಕಾಣಿಸುತ್ತದೆ, ‘ನೀಡ್ ಟು’ ಕೇಳುವವನ ಅಗತ್ಯವನ್ನು ಮುಂದಿಡುತ್ತದೆ, ಹಾಗಾಗಿ ಸಮಾಜದ ಮೇಲುಕೀಳಿನ ಭಾವ ಸಡಿಲವಾದಂತೆ ಭಾಷೆಯೂ ಆಜ್ಞೆಯ ಪದಗಳಿಂದ ಹಿಂದೆ ಸರಿಯುತ್ತಿದೆ ಎಂಬುದು ಅವರು ಮುಂದಿಟ್ಟ ವಿವರಣೆಗಳಲ್ಲಿ ಒಂದು.

ಸಾಮಾನ್ಯ ಬಳಕೆಯ ಭಾಷೆ ಹೀಗೆ ಹಿಂದೆ ಸರಿದರೂ, ಅಧಿಕಾರವನ್ನೇ ವಿಷಯವಾಗುಳ್ಳ ಬರಹಗಳು ಹಾಗೆ ಮಾಡಲಾರವು. ಅಂತರ್ಜಾಲದ ತಾಂತ್ರಿಕ ನಿಯಮಗಳನ್ನು ಬರೆಯುವವರಿಗಾಗಿ ಸ್ಕಾಟ್ ಬ್ರಾಡ್ನರ್ 1997ರಲ್ಲಿ ಸಿದ್ಧಪಡಿಸಿದ ‘ಆರ್‌ಎಫ್‌ಸಿ 2119’ ಎಂಬ ಪುಟ್ಟ ದಾಖಲೆ ಮಸ್ಟ್, ಶುಡ್, ಮೇ ಮುಂತಾದ ಪದಗಳ ಬಲವನ್ನು ನಿಗದಿಪಡಿಸುತ್ತದೆ: ಮೊದಲನೆಯದು ಕಡ್ಡಾಯ, ಎರಡನೆಯದು ಸಕಾರಣವಿದ್ದರೆ ಬಿಡಬಹುದಾದ ಶಿಫಾರಸು, ಮೂರನೆಯದು ಐಚ್ಛಿಕ. ಕಾನೂನಿಗೆ ಇಷ್ಟು ಸುಲಭದ ದಾರಿ ಇಲ್ಲ. ಶಾಸನಗಳ ‘ಶ್ಯಾಲ್’ ಕನ್ನಡ ಅಧಿನಿಯಮಗಳಲ್ಲಿ ‘ತಕ್ಕದ್ದು’ ಎಂದೂ, ‘ಮೇ’ ಎಂಬುದು ‘ಬಹುದು’ ಎಂದೂ ಬರುತ್ತದೆ, ಆದರೆ ‘ಶ್ಯಾಲ್’ ಎಂದಿರುವಲ್ಲೆಲ್ಲ ಕಡ್ಡಾಯವೆಂದು ನ್ಯಾಯಾಲಯಗಳು ಓದುವುದಿಲ್ಲ. ಸಂವಿಧಾನದ 320ನೇ ಅನುಚ್ಛೇದದಲ್ಲಿ ಲೋಕಸೇವಾ ಆಯೋಗವನ್ನು ಸಮಾಲೋಚಿಸುವ ಬಗ್ಗೆ ಇರುವ ‘ಶ್ಯಾಲ್’ ಮಾರ್ಗದರ್ಶನ ಮಾತ್ರ, ಅದನ್ನು ಪಾಲಿಸದಿದ್ದರೆ ಸರ್ಕಾರದ ಆದೇಶ ಬಿದ್ದುಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1957ರಲ್ಲಿ ತೀರ್ಪು ನೀಡಿತು. ಇಂಥ ಅನಿಶ್ಚಯಕ್ಕೆ ಬೇಸತ್ತೇ ಅಮೆರಿಕದ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳ 2007ರ ಪರಿಷ್ಕರಣೆಯಲ್ಲಿ ‘ಶ್ಯಾಲ್’ ಪದವನ್ನು ಕೈಬಿಟ್ಟು, ಕಡ್ಡಾಯವಿರುವಲ್ಲಿ ‘ಮಸ್ಟ್’ ಬಳಸಲಾಯಿತು.

ಒಂದು ಮೋಡಲ್ ಪದ ಎಷ್ಟು ದೊಡ್ಡ ಭಾರ ಹೊರಬಲ್ಲದು ಎಂಬುದಕ್ಕೆ ಭಾರತದ ಸಂವಿಧಾನದ 74ನೇ ಅನುಚ್ಛೇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ರಾಷ್ಟ್ರಪತಿಗೆ ನೆರವು ಮತ್ತು ಸಲಹೆ ನೀಡಲು ಮಂತ್ರಿಮಂಡಲ ಇರತಕ್ಕದ್ದು ಎಂದು ಮೂಲಪಾಠ ಹೇಳಿತ್ತು, ಆ ಸಲಹೆಯಂತೆ ರಾಷ್ಟ್ರಪತಿ ನಡೆಯತಕ್ಕದ್ದು ಎಂದು ಹೇಳಿರಲಿಲ್ಲ. ಆ ಮೌನದ ಅರ್ಥವೇನೆಂಬ ಪ್ರಶ್ನೆಯನ್ನು 1960ರಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರೇ ಬಹಿರಂಗವಾಗಿ ಎತ್ತಿದರು. 1976ರ 42ನೇ ತಿದ್ದುಪಡಿ ಅಲ್ಲಿಗೆ ಎರಡನೆಯ ‘ಶ್ಯಾಲ್’ ಸೇರಿಸಿ ಬಾಗಿಲು ಮುಚ್ಚಿತು. 1978ರ 44ನೇ ತಿದ್ದುಪಡಿ ಆ ‘ಶ್ಯಾಲ್’ನ ಮುಂದೆ ಒಂದು ‘ಮೇ’ ಇರಿಸಿ, ಸಲಹೆಯನ್ನು ಮರುಪರಿಶೀಲಿಸುವಂತೆ ರಾಷ್ಟ್ರಪತಿ ಕೇಳಬಹುದೆಂದೂ, ಮರುಪರಿಶೀಲನೆಯ ನಂತರ ಬಂದ ಸಲಹೆಯಂತೆ ನಡೆಯತಕ್ಕದ್ದೆಂದೂ ವಿಧಿಸಿತು. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂಬ ಕೇಂದ್ರ ಸಂಪುಟದ ಸಲಹೆಯನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಈ ‘ಮೇ’ಯ ಬಲದಿಂದಲೇ ಹಿಂದಿರುಗಿಸಿದರು. ಸಂಪುಟ ಅದನ್ನು ಮತ್ತೆ ಕಳುಹಿಸಿದ್ದರೆ ಅವರು ಒಪ್ಪಲೇಬೇಕಾಗುತ್ತಿತ್ತು. ಸಂಪುಟ ಕಳುಹಿಸಲಿಲ್ಲ, ಉತ್ತರ ಪ್ರದೇಶದ ಚುನಾಯಿತ ಸರ್ಕಾರ ಅಧಿಕಾರದಲ್ಲಿ ಮುಂದುವರಿಯಿತು.